ಡಿಸ್ಕ್ ಖಾಲಿ ಮಾಡಿದ ಭಾನುವಾರಗಳು

ಡಿಸ್ಕ್ ತುಂಬಿದೆ, ಇನ್ನು ಜಾಗವಿಲ್ಲ ಎಂದು ಕಂಪ್ಯೂಟರು ಮೊದಲ ಸಲ ಹೇಳಿದಾಗ ನಾನು ಮಾಡಿದ ಮೊದಲ ಕೆಲಸ ಅದನ್ನು ಆರಿಸಿದ್ದು. ಎರಡನೆಯದು, ಅಡುಗೆಮನೆಗೆ ಹೋಗಿ ಗ್ಯಾಸ್ ಆರಿದೆಯೋ ಇಲ್ಲವೋ ನೋಡಿದ್ದು. ಎರಡಕ್ಕೂ ಸಂಬಂಧವಿಲ್ಲ. ಆದರೆ ನನ್ನಲ್ಲಿ ಒಂದು ಗಾಬರಿ ಹುಟ್ಟಿದರೆ ಅದು ಒಂಟಿಯಾಗಿ ಕೂರುವುದಿಲ್ಲ. ಮನೆಯಲ್ಲಿರುವ ಬೇರೆ ಗಾಬರಿಗಳನ್ನೆಲ್ಲ ಒಂದು ಸುತ್ತು ಮಾತಾಡಿಸಿಕೊಂಡು ಬರುತ್ತದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆ ಬೆಂಗಳೂರು ಕಡೆಯ ವಿಜಯಪುರದಲ್ಲಿ, ಕೆಲಸ ಪಕ್ಕದ ದೇವನಹಳ್ಳಿಯಲ್ಲಿ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ನಾನು. ಬೆಳಿಗ್ಗೆ ಬಸ್ಸಿಗೆ ಕಾಯುವುದು, ಸಂಜೆ ಬಸ್ಸಿನಲ್ಲಿ ನೇತಾಡುವುದು, ನಡುವೆ ನಾಲ್ಕು ಕ್ಲಾಸು. ಮನೆಗೆ ಕಂಪ್ಯೂಟರ್ ಬಂದ ಮೇಲೆ ಇಡೀ ಸ್ಕೂಲಿನ ಅಂಕಪಟ್ಟಿ ಮಾಡುವ ಕೆಲಸವೂ ನನ್ನ ಕೊರಳಿಗೆ ಬಿತ್ತು. ಬೇಡ ಎನ್ನಲು ನನಗೆ ಬರುವುದಿಲ್ಲ. ಬೇಡ ಎಂದರೆ ಏನೇನಾಗಬಹುದು ಎಂದು ಮೂರು ದಿನ ಯೋಚಿಸಿ ನಾಲ್ಕನೇ ದಿನ ಹೂಂ ಎನ್ನುವವನು ನಾನು.

ಮನೆಯಲ್ಲಿ ನಾವು ಮೂವರು. ನಾನು, ನನ್ನ ಹೆಂಡತಿ, ಅವಳ ಅಪ್ಪ. ಮಾವ ರೇಷ್ಮೆ ಇಲಾಖೆಯಲ್ಲಿ ಇದ್ದವರು. ಸೈಕಲ್ಲಿನ ಮೇಲೆ ಮಧುರೆ, ತೂಬಗೆರೆ ಕಡೆಯ ಊರೂರು ಸುತ್ತಿ, ಮನೆಮನೆಯ ಹುಳದ ಕೋಣೆಗೆ ಹೋಗಿ, ರೇಷ್ಮೆ ಹುಳ ಹೇಗೆ ಸಾಕಬೇಕು ಎಂದು ರೈತರಿಗೆ ಹೇಳಿಕೊಡುವುದು ಅವರ ಕೆಲಸವಾಗಿತ್ತು. "ನಾನು ಹೇಳ್ಕೊಟ್ಟಿದ್ದು ನಾಲ್ಕಾಣೆ, ಆ ಮನೆಗಳ ಹೆಣ್ಣುಮಕ್ಕಳು ನನಗೆ ಹೇಳ್ಕೊಟ್ಟಿದ್ದು ಹನ್ನೆರಡಾಣೆ" ಅನ್ನುತ್ತಿದ್ದರು. ಆ ಹನ್ನೆರಡಾಣೆಯನ್ನು ಪುಸ್ತಕ ಮಾಡಬೇಕೆಂಬುದು ಅವರ ಹಟ. ಇಲಾಖೆಯ ಪುಸ್ತಕಗಳಲ್ಲಿ ಹೇಗೆ ಮಾಡಬೇಕು ಅಂತಿರುತ್ತದೆ, ನಿಜವಾಗಿ ಹೇಗೆ ಮಾಡುತ್ತಾರೆ ಅಂತ ಎಲ್ಲೂ ಇಲ್ಲ, ಅದು ನನ್ನ ಜೊತೆಗೇ ಹೋಗಿಬಿಡುತ್ತದೆ ಎಂದು ಅವರಿಗೆ ಚಿಂತೆ. ಆದರೆ ಬರೆಯಲು ಮನಸ್ಸು ಮಾಡುವ ಹೊತ್ತಿಗೆ ಕಣ್ಣಿನೊಳಗಿನ ಒತ್ತಡ ಏರಿ, ದೃಷ್ಟಿ ಹೆಚ್ಚುಕಡಿಮೆ ಹೋಗಿತ್ತು. ಕಿಟಕಿ ಯಾವ ಕಡೆ ಇದೆ ಅಂತ ತಿಳಿಯುವಷ್ಟು ಬೆಳಕು ಉಳಿದಿತ್ತು. ಉಳಿದದ್ದನ್ನು ಉಳಿಸಿಕೊಳ್ಳಲು ದಿನಕ್ಕೆ ಮೂರು ಸಲ ಕಣ್ಣಿಗೆ ಹನಿ ಹಾಕಬೇಕು.

ಹಾಗಾಗಿ ಅವರು ಹೇಳುವುದು, ಮಗಳು ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು. ಭಾನುವಾರ ತಿಂಡಿ ಮುಗಿದ ಮೇಲೆ ಕೂತರೆ ಮಧ್ಯಾಹ್ನದ ಅಡುಗೆಯವರೆಗೆ, ಅಥವಾ ಕರೆಂಟು ಹೋಗುವವರೆಗೆ. ಎಂಟು ತಿಂಗಳಲ್ಲಿ ಹತ್ತು ಅಧ್ಯಾಯ ಆಗಿತ್ತು. ಪ್ರಿಂಟರ್ ನಮ್ಮಲ್ಲಿರಲಿಲ್ಲ. ಇನ್ನೆರಡು ಅಧ್ಯಾಯ ಆಗಲಿ, ಒಟ್ಟಿಗೇ ಹೊರಗೆ ಪ್ರಿಂಟ್ ಹಾಕಿಸೋಣ ಅಂದುಕೊಂಡಿದ್ದೆವು. ಅಂದರೆ, ಆ ಪುಸ್ತಕ ಕಾಗದದ ಮೇಲೆ ಒಂದು ಸಾಲೂ ಇರಲಿಲ್ಲ. ಮಾವನ ತಲೆಯಲ್ಲಿತ್ತು, ಆ ಡಿಸ್ಕಿನಲ್ಲಿತ್ತು.

ಆ ಡಿಸ್ಕು ತುಂಬಿದ್ದು.

ತುಂಬಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ನಮ್ಮ ಕಂಪ್ಯೂಟರನ್ನು ಜೋಡಿಸಿಕೊಟ್ಟವರು ದೇವನಹಳ್ಳಿಯ ಒಬ್ಬರು ಟೀವಿ ರಿಪೇರಿಯವರು; ನನ್ನದೇ ವಯಸ್ಸು, ಕಾಲ ನೋಡಿಕೊಂಡು ಟೀವಿ ಬಿಟ್ಟು ಕಂಪ್ಯೂಟರಿಗೆ ಬಂದಿದ್ದರು. ಭಾರೀ ಧಾರಾಳಿ. "ಇರ್ಲಿ ಮೇಷ್ಟ್ರೇ, ನಿಮಗೇ ಅಂತ ಹಾಕಿದೀನಿ" ಎಂದು ತಮ್ಮ ಸೀಡಿಗಳಲ್ಲಿ ಇದ್ದದ್ದನ್ನೆಲ್ಲ ತುಂಬಿಸಿಟ್ಟಿದ್ದರು. ಜಾತಕ ಹೇಳುವ ಪ್ರೋಗ್ರಾಮು ಎರಡು, ಕಾರ್ ರೇಸು, ಲಗ್ನಪತ್ರಿಕೆಗೆ ಹಾಕುವ ನೂರಾರು ಗಣೇಶ, ಮುನ್ನೂರಕ್ಕೂ ಹೆಚ್ಚು ಬಗೆಯ ಅಕ್ಷರಗಳು, ಅಂದರೆ ಫಾಂಟುಗಳು. ಇದು ಸಾಲದು ಎಂಬಂತೆ ನಮ್ಮ ಬೀದಿಯ ಕರೆಂಟು. ಬೀದಿಯ ತುಂಬ ರೇಷ್ಮೆ ನೂಲು ಹುರಿ ಮಾಡುವ ಮಿಷನ್ನುಗಳು. ಅವು ಒಟ್ಟಿಗೆ ಶುರುವಾದರೆ ನಮ್ಮ ಮನೆಯ ಬಲ್ಬು ಕಣ್ಣು ಮಿಟುಕಿಸುತ್ತದೆ, ಕಂಪ್ಯೂಟರು ಸತ್ತು ಹುಟ್ಟುತ್ತದೆ. ಹುಟ್ಟಿದಾಗಲೆಲ್ಲ ಡಿಸ್ಕನ್ನು ತಾನೇ ತಪಾಸಣೆ ಮಾಡಿಕೊಂಡು, ಅರ್ಧಕ್ಕೆ ನಿಂತ ಚೂರುಪಾರುಗಳನ್ನು ಬಿಸಾಡದೆ, ಒಂದೊಂದು ನಂಬರಿನ ಫೈಲು ಮಾಡಿ ಇಟ್ಟುಕೊಳ್ಳುತ್ತದೆ. ಬಾಲಕ್ಕೆ ಸೀ ಎಚ್ ಕೇ ಅಂತಿರುವ ಇಂಥ ಫೈಲುಗಳು ನಮ್ಮಲ್ಲಿ ನಾನೂರ ಚಿಲ್ಲರೆ ಇದ್ದವು. ಒಂದೊಂದು ಕರೆಂಟ್ ಕಡಿತಕ್ಕೂ ಒಂದೊಂದು ಸ್ಮಾರಕ.

ಬಿಸಾಡುವುದನ್ನು ನಾನು ಹುಷಾರಾಗಿಯೇ ಶುರುಮಾಡಿದೆ. ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಹುದು. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಫೈಲಿನ ಹೆಸರು, ತೂಕ, ತಾರೀಕು, ಅದು ಏನಿರಬಹುದು ಎಂಬ ನನ್ನ ಊಹೆ, ಅಳಿಸಬಹುದೇ ಎಂಬ ಪ್ರಶ್ನೆ ಎಂದು ಐದು ಗೆರೆ ಎಳೆದೆ. ಗೊತ್ತಿಲ್ಲದ್ದನ್ನು ಮುಟ್ಟುವುದಿಲ್ಲ. ಅಳಿಸುವ ಮುಂಚೆ ಹೆಸರು ಬದಲಿಸಿ ಒಂದು ವಾರ ಬಿಡುವುದು. ಆ ವಾರದಲ್ಲಿ ಯಾವ ಪ್ರೋಗ್ರಾಮೂ ಅದನ್ನು ಕೇಳಿಕೊಂಡು ಬರದಿದ್ದರೆ ಆಮೇಲೆ ಅಳಿಸುವುದು. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಇನ್ನೊಂದು ತಾಸು ಇರುವುದು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಏನ್ರೀ ಇದು, ಜನಗಣತಿಗೆ ಹಾಕಿದಾರಾ ನಿಮ್ಮನ್ನ?"

"ನಾಳೆ ಏನಾದ್ರೂ ಬೇಕಾದ್ರೆ ಗೊತ್ತಾಗ್ಬೇಕಲ್ಲ."

"ಬೇಡದ್ದು ಅಂತ ತಾನೇ ಬಿಸಾಕ್ತಿರೋದು? ಬೇಡದ್ದು ನಾಳೆ ಯಾಕೆ ಬೇಕಾಗತ್ತೆ?"

ಅದು ಗೊತ್ತಿದ್ದಿದ್ದರೆ ಆ ನೋಟ್‌ಬುಕ್ಕೇ ಬೇಕಾಗುತ್ತಿರಲಿಲ್ಲ.

ಎರಡು ಭಾನುವಾರ ಅದರಲ್ಲೇ ಹೋಯಿತು. ಮಾವನ ಕೆಲಸ ನಿಂತಿತು; ಉಳಿಸಲು ಜಾಗವಿಲ್ಲದ ಮೇಲೆ ಟೈಪ್ ಮಾಡುವುದಾದರೂ ಎಲ್ಲಿಗೆ. ಸೀ ಎಚ್ ಕೇಗಳು ಒಂದೊಂದಾಗಿ ಹೋದವು. ಬೆನ್ನು ಹಿಡಿದುಕೊಂಡಿತು, ಕಣ್ಣು ಉರಿಯಿತು, ನೋಟ್‌ಬುಕ್ಕಿನಲ್ಲಿ ಮೂವತ್ತು ಪುಟ ತುಂಬಿತು, ಡಿಸ್ಕಿನಲ್ಲಿ ಒಂದು ಬೆರಳಿನಷ್ಟು ಜಾಗವಾಯಿತು.

ಮಾವ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ನನ್ನ ಉಸ್ಸು ಉಸ್ಸು ಕೇಳಿಸಿಕೊಳ್ಳುತ್ತಿದ್ದರು.

"ಏನ್ ಮಾಡ್ತಿದೀರಾ ಅಳಿಯಂದಿರೇ, ಎರಡು ವಾರದಿಂದ?"

"ಕಸ ತೆಗೀತಿದೀನಿ ಮಾವ."

"ಕಸಾನ ಒಂದೊಂದೇ ಆರಿಸ್ತೀರಾ?"

"ಮತ್ತೆ? ಒಳ್ಳೇದು ಕೂಡ ಹೋಗ್ಬಿಟ್ರೆ?"

ಅವರು ನಕ್ಕರು. "ಹುಳದ ತಟ್ಟೆ ಕ್ಲೀನ್ ಮಾಡೋದು ನೋಡಿದೀರೋ ಇಲ್ವೋ? ತಿಂದು ಬಿಟ್ಟ ಸೊಪ್ಪು, ಕಡ್ಡಿ, ಹಿಕ್ಕೆ, ಎಲ್ಲದರ ಮಧ್ಯೆ ಸಾವಿರಾರು ಹುಳ ಇರ್ತವೆ. ಅದರಲ್ಲಿ ಹಿಕ್ಕೆ ಆರಿಸ್ತಾ ಕೂತ್ರೆ ಆಯ್ತು ಕಥೆ. ಮೇಲೊಂದು ಬಲೆ ಹಾಸ್ಬೇಕು. ಬಲೆ ಮೇಲೆ ಹೊಸ ಸೊಪ್ಪು ಹಾಕ್ಬೇಕು. ಜೀವ ಇರೋದೆಲ್ಲ ತಾನೇ ಮೇಲಕ್ಕೆ ಹತ್ಕೊಂಡು ಬರತ್ತೆ. ಬಲೆ ಎತ್ತಿ ಬೇರೆ ತಟ್ಟೆಗೆ ಇಟ್ಕೊಂಡು, ಕೆಳಗಿರೋದನ್ನ ಕಣ್ಣು ಮುಚ್ಚಿ ತಿಪ್ಪೆಗೆ ಸುರೀಬೋದು. ಬೇಕಾದ್ದನ್ನ ಮೊದಲು ಎತ್ತಿ. ಬೇಡದ್ದರ ಯೋಚನೆ ನಿಮಗ್ಯಾಕೆ?"

ಕಂಪ್ಯೂಟರಿನ ಬಗ್ಗೆ ಇಷ್ಟು ಸರಿಯಾದ ಮಾತನ್ನು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಕಂಪ್ಯೂಟರನ್ನು ಕಣ್ಣಿಂದ ನೋಡದವರು ಹೇಳಿದರು. ಆವತ್ತೇ ಅವರ ಹತ್ತು ಅಧ್ಯಾಯಗಳನ್ನು ಫ್ಲಾಪಿಗೆ ಎತ್ತಿಟ್ಟೆ. ಹತ್ತೂ ಒಂದೇ ಫ್ಲಾಪಿಯಲ್ಲಿ ಆರಾಮಾಗಿ ಹಿಡಿಸುತ್ತಿತ್ತು. ಆದರೆ ಆ ಫ್ಲಾಪಿ ಕೆಟ್ಟರೆ ಹತ್ತೂ ಹೋಗುತ್ತದಲ್ಲ ಎಂದು ಹೆದರಿ ಐದು ಫ್ಲಾಪಿಗೆ ಎರಡೆರಡು ಅಧ್ಯಾಯದಂತೆ ಹಂಚಿದೆ. ಪ್ರತಿಯೊಂದರಲ್ಲೂ ಹತ್ತೂ ಅಧ್ಯಾಯ ಹಾಕಿ ಐದು ಪ್ರತಿ ಮಾಡಿಕೊಳ್ಳಬಹುದಿತ್ತು ಎಂದು ಗಣಿತದ ಮೇಷ್ಟ್ರಿಗೆ ಹೊಳೆಯಲಿಲ್ಲ. ಹೆದರಿದಾಗ ನಾನು ಲೆಕ್ಕವನ್ನು ಚೆನ್ನಾಗಿ ಮಾಡುತ್ತೇನೆ, ಆದರೆ ಬೇರೆ ಯಾವುದೋ ಲೆಕ್ಕ.

ಮೂರನೆಯ ಭಾನುವಾರ ಹೆಂಡತಿ ಊರಿನಲ್ಲಿರಲಿಲ್ಲ. ತೂಬಗೆರೆಯಲ್ಲಿ ಅವಳ ಚಿಕ್ಕಮ್ಮನ ಮಗಳ ಮದುವೆ. ಶುಕ್ರವಾರ ಹೋದವಳು ಸೋಮವಾರ ಬರುವುದಿತ್ತು. ಮಾವನಿಗೆ ಹನಿ ಹಾಕಲು ನಾನು ಉಳಿದೆ. ಹೋಗುವಾಗ, "ಫ್ರಿಜ್ಜಲ್ಲಿ ಸಾರಿದೆ, ಅಪ್ಪಂಗೆ ಮೂರು ಹೊತ್ತೂ ಹನಿ, ಕಂಪ್ಯೂಟರ್ ಹತ್ರ ಜಾಸ್ತಿ ಹೋಗ್ಬೇಡಿ" ಎಂದು ಮೂರು ಮಾತು ಹೇಳಿದ್ದಳು. ಎರಡನ್ನು ಪಾಲಿಸಿದೆ.

ಆವತ್ತು ಫಾಂಟುಗಳ ಸರದಿ. ಮುನ್ನೂರರಲ್ಲಿ ನಾವು ಬಳಸುವುದು ಮೂರೋ ನಾಲ್ಕೋ. ಬೇಕಾದ್ದನ್ನು ಇಟ್ಟುಕೊಂಡು ಬಾಕಿ ತಿಪ್ಪೆಗೆ ಎಂದು ಮಾವನ ಪಾಠವನ್ನೇ ಪಠಿಸುತ್ತಾ ಕೂತೆ. ಇಂಗ್ಲಿಷಿನವು ಸಲೀಸಾಗಿ ಹೋದವು. ಕನ್ನಡದವು ಐದಿದ್ದವು, ಒಂದೊಂದೂ ಒಂದೊಂದು ಮುದ್ದುಮುದ್ದು ಹೆಸರಿನವು. ಮನೆಗೆ ಭಾಷೆ ಒಂದು, ಅದಕ್ಕೆ ಐದು ಬಗೆಯ ಅಕ್ಷರ ಯಾಕೆ? ನೋಡಲು ದುಂಡಗೆ ಚೆಂದ ಕಂಡದ್ದನ್ನು ಇಟ್ಟುಕೊಂಡು ಉಳಿದ ನಾಲ್ಕನ್ನು ಅಳಿಸಿದೆ. ಎರಡು ವಾರದ ಸುಸ್ತು. ಹೆಸರು ಬದಲಿಸಿ ಒಂದು ವಾರ ಬಿಡುವ ನನ್ನದೇ ನಿಯಮವನ್ನು ಅವತ್ತು ನಾನು ಕೈಬಿಟ್ಟೆ. ಅಕ್ಷರಗಳು ತಾನೇ, ಅಕ್ಷರಕ್ಕೆ ಏನಾಗುತ್ತದೆ ಅಂದುಕೊಂಡೆ.

ಕೆಲಸ ಮುಗಿಸಿ, ಎಲ್ಲ ಸರಿಯಿದೆಯೇ ಎಂದು ಮಾವನ ಒಂದನೆಯ ಅಧ್ಯಾಯ ತೆರೆದೆ.

ಕನ್ನಡ ಇರಲಿಲ್ಲ. ಪರದೆಯ ತುಂಬ ಇಂಗ್ಲಿಷಿನ ಎ, ತಲೆಯ ಮೇಲೆ ಟೋಪಿ ಹಾಕಿದ ಯು, ಬಾಲ ಬಂದ ಸಿ, ಪ್ರಶ್ನಾರ್ಥಕ ಚಿಹ್ನೆಗಳು, ಕಾಲು, ಮುಕ್ಕಾಲು ಎಂಬ ಭಿನ್ನರಾಶಿಗಳು. ಎರಡನೆಯ ಅಧ್ಯಾಯ ತೆರೆದೆ, ಹಾಗೇ. ಹತ್ತನೆಯದೂ ಹಾಗೇ. ನನ್ನ ಅಂಕಪಟ್ಟಿ ತೆರೆದೆ; ಅದು ಇಂಗ್ಲಿಷಿನದು, ಚೆನ್ನಾಗಿಯೇ ಇತ್ತು. ಫ್ಲಾಪಿ ಹಾಕಿ ನೋಡಿದೆ. ಅಲ್ಲೂ ಅದೇ ಟೋಪಿಯ ಯು, ಅದೇ ಬಾಲದ ಸಿ.

ಆ ದಿನಗಳಲ್ಲಿ ಪೇಪರಿನಲ್ಲಿ ಕಂಪ್ಯೂಟರ್ ವೈರಸ್ಸಿನ ಸುದ್ದಿ ಜೋರಾಗಿತ್ತು. ಅದು ಮೊದಲು ಒಂದು ಫೈಲಿಗೆ ಹತ್ತಿ, ಆಮೇಲೆ ಪಕ್ಕದ್ದಕ್ಕೆ, ಫ್ಲಾಪಿಯ ಮೂಲಕ ಬೇರೆ ಕಂಪ್ಯೂಟರಿಗೆ ಹೋಗುತ್ತದಂತೆ ಎಂದು ಓದಿದ್ದೆ. ನನಗಂತೂ ಬೇರೆ ವಿವರಣೆ ಬೇಕಿರಲಿಲ್ಲ. ಡಿಸ್ಕಿನಲ್ಲಿ ಹತ್ತಿದೆ, ಫ್ಲಾಪಿಗೂ ಹತ್ತಿದೆ, ಇನ್ನು ನನ್ನ ಅಂಕಪಟ್ಟಿಗೆ ಹತ್ತುತ್ತದೆ. ಮರುದಿನ ಹತ್ತನೆಯ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆಯ ಪಟ್ಟಿ ಹೆಡ್‌ಮಾಸ್ಟರ ಕೈಗೆ ಕೊಡಬೇಕಿತ್ತು. ಓಡಿಹೋಗಿ ಬಸ್ ಸ್ಟ್ಯಾಂಡ್ ಹತ್ತಿರದ ಬೂತಿನಿಂದ ರಿಪೇರಿಯವರ ಮನೆಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿಕೊಂಡರು. "ಸಾಮಾನು ತರೋಕೆ ಬೆಂಗ್ಳೂರಿಗೆ ಹೋಗವ್ರೆ ಸಾರ್. ನಾಳೆ ಸಂಜೆ ಕಳಿಸ್ತೀನಿ."

ನಾಳೆ ಸಂಜೆಯವರೆಗೆ ಸುಮ್ಮನೆ ಕೂರುವುದು ಬೇರೆ ಯಾರಿಗಾದರೂ ಸಾಧ್ಯವಿತ್ತು.

ಮಧ್ಯಾಹ್ನ ಊಟಕ್ಕೆ ಬಡಿಸಿದೆ. ಮಾವನಿಗೆ ಹೇಳುವ ಧೈರ್ಯ ಬರಲಿಲ್ಲ. ಆದರೆ ಕೇಳದೆಯೂ ಇರಲಾಗಲಿಲ್ಲ.

"ಮಾವ, ಹುಳಕ್ಕೆ ರೋಗ ಬಂದ್ರೆ ಏನ್ ಮಾಡ್ತಿದ್ರಿ?"

ಅವರ ಮುಖ ಅರಳಿತು. ಪುಸ್ತಕದ ವಿಷಯ ನಾನಾಗಿ ಎತ್ತಿದ್ದು ಅದೇ ಮೊದಲು. "ಯಾವ ರೋಗ ಅನ್ನೋದರ ಮೇಲೆ ಹೋಗತ್ತೆ. ಸುಣ್ಣಕಟ್ಟು ಅಂದ್ರೆ ಒಂದು ಥರ, ಗಂಟು ರೋಗ ಅಂದ್ರೆ ಇನ್ನೊಂದು ಥರ."

"ಪಕ್ಕದ ತಟ್ಟೆಗೆ ಹರಡೋ ಅಂಥದ್ದು."

"ಹಂಗಾದ್ರೆ ಹೂಳ್ಬೇಕು. ಒಂದು ಹುಳಾನೂ ಬಿಡಂಗಿಲ್ಲ. ಅಯ್ಯೋ ಪಾಪ, ಇಷ್ಟು ದಿನ ಸಾಕಿದ್ವಲ್ಲ ಅಂತ ಒಂದು ತಟ್ಟೆ ಮಂಚದ ಕೆಳಗೆ ಬಚ್ಚಿಟ್ಕೊಳ್ಳೋರು ಜನ. ಅದರಿಂದ ಊರಿಗೆ ಊರೇ ಹೋಗೋದು. ನಾನೇ ನಿಂತು ಹೂಳ್ಸಿದೀನಿ, ಹೆಂಗಸರು ಅಳ್ತಾ ಇರೋವ್ರು." ಸ್ವಲ್ಪ ಹೊತ್ತು ಅನ್ನ ಕಲಸಿದರು. "ಆದ್ರೆ ಅದೇ ರೋಗ ಹೌದೋ ಅಲ್ವೋ ಅಂತ ಮೊದಲು ಗೊತ್ತಿರೋರ ಹತ್ರ ತೋರಿಸ್ಬೇಕು. ಜ್ವರಕ್ಕೆ ಕೂತ ಹುಳಾನ ರೋಗ ಅಂತ ತಿಳ್ಕೊಂಡು ಬಿಸಾಕ್ದೋರೂ ಇದಾರೆ." ಹುಳ ಪೊರೆ ಬಿಡುವ ಮುಂಚೆ ತಿನ್ನದೆ, ಅಲ್ಲಾಡದೆ ಮಂಕಾಗಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ.

ಈ ಕೊನೆಯ ಮಾತನ್ನು ನಾನು ಕೇಳಿಸಿಕೊಂಡೆ. ಕೇಳಿಸಲಿಲ್ಲ ಎಂದು ಹೇಳಿಕೊಳ್ಳಲು ಎಷ್ಟೋ ವರ್ಷ ಪ್ರಯತ್ನಪಟ್ಟಿದ್ದೇನೆ, ಆದರೆ ಕೇಳಿಸಿತ್ತು. ಅದಕ್ಕಿಂತ ಮುಂಚೆ ಹೇಳಿದ್ದು ನನಗೆ ಬೇಕಾಗಿತ್ತು, ಅದನ್ನು ಇಟ್ಟುಕೊಂಡೆ.

ತಟ್ಟೆ ತೊಳೆದಿಟ್ಟು, ಮಾವನನ್ನು ಮಲಗಿಸಿ, ಹನಿ ಹಾಕಿ, ಕೂತೆ. ಹತ್ತೂ ಅಧ್ಯಾಯಗಳನ್ನು ಡಿಸ್ಕಿನಿಂದ ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಅಷ್ಟಾದರೂ ಎಲ್ಲೋ ಅದರ ಬೀಜ ಉಳಿದಿರಬಹುದು ಅನಿಸಿ, ಡಿಸ್ಕಿನ ಒಳಗಿರುವುದನ್ನೆಲ್ಲ ಸರಿಸಿ ಒತ್ತಾಗಿ ಜೋಡಿಸುವ ಪ್ರೋಗ್ರಾಮು ಇರುತ್ತದಲ್ಲ, ಅದನ್ನು ಓಡಿಸಿದೆ. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು. ಒಂದು ನೀಲಿ ಚೌಕ ಮಾಯವಾಗಿ ಇನ್ನೊಂದು ಕಡೆ ಕೂರುತ್ತದೆ. ಹಾಗೇ ಮೂರು ತಾಸು. ಹೊರಗೆ ಹುರಿ ಮಿಷನ್ನುಗಳ ಸದ್ದು, ಒಳಗೆ ಮಾವನ ಗೊರಕೆ, ಎದುರಿಗೆ ಈ ಚೌಕಗಳು. ಬೇರೆ ಯಾವ ದಿನವೂ ಅಷ್ಟು ಹೊತ್ತು ನಿಲ್ಲದ ಕರೆಂಟು ಆವತ್ತು ನಿಯತ್ತಾಗಿ ನಿಂತಿತು. ಕೂತಲ್ಲೇ ತೂಕಡಿಸಿ ಎದ್ದು ನೋಡಿದರೆ ಇನ್ನೂ ಚೌಕಗಳು ಓಡಾಡುತ್ತಲೇ ಇದ್ದವು.

ಅದು ಮುಗಿದ ಮೇಲೆ ಫ್ಲಾಪಿಗಳು. ಒಂದೊಂದಾಗಿ ಹಾಕಿ, ಪೂರ್ತಿ ಉಜ್ಜಿ ಹೊಸದು ಮಾಡುವ ಆಜ್ಞೆ ಕೊಟ್ಟೆ. ನಾಲ್ಕು ಆಯಿತು. ಐದನೆಯದು ಕೈಯಲ್ಲಿತ್ತು, ಕರೆಂಟು ಹೋಯಿತು. ಎಂದಿನಂತೆ ಅದನ್ನು ಬೈದೆ. ಅದು ವಾಪಸ್ ಬಂದಾಗ ಬೆಳಿಗ್ಗೆ ಬಸ್ಸಿನ ಹೊತ್ತಾಗಿತ್ತು.

ಸೋಮವಾರ ಅಂಕಪಟ್ಟಿಯನ್ನು ಹೊರಗೆ ಪ್ರಿಂಟ್ ಹಾಕಿಸಿ ಕೊಟ್ಟೆ. ಹೆಡ್‌ಮಾಸ್ಟರು ನೋಡದೆ ಬೀರುವಿಗೆ ಹಾಕಿದರು.

ಸಂಜೆ ರಿಪೇರಿಯವರು ಬಂದಾಗ ಹೆಂಡತಿ ಮದುವೆಯಿಂದ ಬಂದು ಇನ್ನೂ ಸೀರೆ ಬದಲಿಸಿರಲಿಲ್ಲ. ಯಾಕೆ ಬಂದಿದ್ದಾರೆ ಎಂದು ಕಣ್ಣಲ್ಲೇ ಕೇಳಿದಳು. "ಸುಮ್ನೆ, ಒಂದ್ಸಲ ನೋಡ್ಲಿ ಅಂತ" ಎಂದೆ. ಅವಳು ನನ್ನನ್ನು ಇಪ್ಪತ್ತು ವರ್ಷದಿಂದ ನೋಡುತ್ತಾ ಬಂದವಳು. ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ನಿಂತಳು.

ಉಳಿದ ಐದನೆಯ ಫ್ಲಾಪಿಯನ್ನು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದನ್ನು, ದೂರದಿಂದ ಚಾಚಿದೆ. ಅವರು ಹಾಕಿ ನೋಡಿದರು.

"ಏನಾಗಿದೆ ಇದಕ್ಕೆ?"

"ವೈರಸ್ಸು."

"ಎಲ್ಲಿ ವೈರಸ್ಸು ಮೇಷ್ಟ್ರೇ? ಫಾಂಟ್ ಇಲ್ಲ ಅಷ್ಟೇ. ಹಾಕ್ಕೊಟ್ಟಿದ್ದೆನಲ್ಲ, ಎಲ್ಲಿ ಹೋಯ್ತು?"

"ಕನ್ನಡದ್ದು ಒಂದಿದೆಯಲ್ಲ ಅಲ್ಲಿ."

"ಅಯ್ಯೋ, ಇದು ಬೇರೆ ಕಂಪನೀದು ಸಾರ್. ಅಮ್ಮಾವ್ರು ಟೈಪ್ ಮಾಡಿರೋದು ಇನ್ನೊಂದು ಕಂಪನಿ ಸಾಫ್ಟ್‌ವೇರಲ್ಲಿ. ಒಬ್ಬೊಬ್ಬರೂ ಒಂದೊಂದು ಥರ ಅಕ್ಷರ ಜೋಡ್ಸಿರ್ತಾರೆ. ಇವರ ಕನ್ನಡ ಅವರಿಗೆ ಓದಕ್ಕಾಗಲ್ಲ. ಒಳಗಡೆ ಇರೋದು ಈ ಇಂಗ್ಲಿಷ್ ಗುರುತುಗಳೇ, ಯಾವಾಗ್ಲೂ. ಫಾಂಟು ಮೇಲೊಂದು ವೇಷ ಹಾಕತ್ತೆ ನೋಡಿ, ಆಗ ಕನ್ನಡ ಕಾಣ್ಸತ್ತೆ."

ಹೇಳುತ್ತಲೇ ಬ್ಯಾಗಿನಿಂದ ಸೀಡಿ ತೆಗೆದು ಹಾಕಿದರು. ಎರಡು ನಿಮಿಷ. ಒಂಬತ್ತನೆಯ ಅಧ್ಯಾಯ ಪರದೆಯ ಮೇಲೆ ಕನ್ನಡವಾಗಿ ನಿಂತಿತು. "ಹುಳ ಹಣ್ಣಾಗಿದೆ, ಗೂಡು ಕಟ್ಟಲು ಸಿದ್ಧವಾಗಿದೆ ಎಂದು ತಿಳಿಯಲು ದೀಪ ಹಿಡಿಯಬೇಕಾಗಿಲ್ಲ. ಬೆರಳಿಗೆ ತಾಗಿದರೆ ಸಾಕು, ಮೈ ಮೆತ್ತಗಾಗಿ ತಣ್ಣಗಿರುತ್ತದೆ." ನಿಂತುಕೊಂಡೇ ಓದಿದೆ. ಮಾವನ ಪುಸ್ತಕದಲ್ಲಿ ನಾನು ಓದಿದ ಮೊದಲ ಸಾಲುಗಳು ಅವು. ಎಂಟು ತಿಂಗಳು ಅದೇ ಕೋಣೆಯಲ್ಲಿ ಪೇಪರ್ ತಿದ್ದುತ್ತಾ ಕೂತಿದ್ದೆ, ಓದಬೇಕು ಅಂತ ಅನಿಸಿರಲಿಲ್ಲ. ಎಲ್ಲಿ ಕಳೆದುಹೋಗುತ್ತದೋ ಅಂತ ಮಾತ್ರ ಅನಿಸಿತ್ತು.

"ನೋಡಿದ್ರಾ? ಏನೂ ಆಗಿಲ್ಲ" ಎಂದರು ರಿಪೇರಿಯವರು. "ಬಾಕಿದೆಲ್ಲಾ ತೆಗೀರಿ, ಅದೂ ಸರಿಹೋಗಿರತ್ತೆ."

ನಾನು ಬಾಕಿಯದರ ಕಥೆ ಹೇಳಿದೆ. ಅವರು ಅಳಿಸಿದ್ದನ್ನು ವಾಪಸ್ ತರುವ ಇನ್ನೊಂದು ಪ್ರೋಗ್ರಾಮು ಹಾಕಿದರು, ಒಂದು ತಾಸು ಹುಡುಕಿದರು. "ಅಳ್ಸಿ ಸುಮ್ನಿದ್ದಿದ್ರೆ ಸಿಕ್ತಿತ್ತು ಮೇಷ್ಟ್ರೇ. ಅದರ ಮೇಲೆ ಎಲ್ಲಾನೂ ಎಳ್ದು ಕೂರ್ಸಿದೀರಲ್ಲ" ಎಂದು ಎದ್ದರು. ನನ್ನ ಮುಖ ನೋಡಿ ಬಾಗಿಲ ಹತ್ತಿರ ಮತ್ತೆ ನಿಂತು, "ಬುಡಿ, ಇಷ್ಟು ಕ್ಲೀನಾಗಿರೋ ಡಿಸ್ಕು ನಾನೆಲ್ಲೂ ನೋಡಿಲ್ಲ" ಎಂದರು. ಸಮಾಧಾನಕ್ಕೆ ಹೇಳಿದ್ದು, ಪಾಪ.

ಹೆಂಡತಿ ಕೈಯಲ್ಲಿದ್ದ ಕಾಫಿಯನ್ನು ಕುಡಿಯಲೂ ಇಲ್ಲ, ಕೊಡಲೂ ಇಲ್ಲ. ಒಳಗೆ ಹೋಗಿ ಸಿಂಕಿಗೆ ಸುರಿದ ಸದ್ದು ಕೇಳಿಸಿತು. ವಾಪಸ್ ಬಂದು, "ಅಪ್ಪಂಗೆ ನಾನು ಹೇಳಲ್ಲ. ನೀವೇ ಹೇಳಿ. ಈಗ್ಲೇ" ಎಂದಳು.

ಮಾವ ಹೊರಗೆ ಜಗಲಿಯಲ್ಲಿದ್ದರು. ಪಕ್ಕದಲ್ಲಿ ಕೂತು ಪೂರ್ತಿ ಹೇಳಿದೆ. ಫಾಂಟು ಅಂದರೆ ಏನು ಎಂದು ಹೇಳುವುದರಲ್ಲೇ ಬಾಯಿ ಒಣಗಿತು. ಅವರು ಕೊನೆಯಲ್ಲಿ ಒಂದೇ ಕೇಳಿದರು.

"ನಿನ್ನೆ ಊಟದಲ್ಲಿ ರೋಗ ಕೇಳಿದ್ರಲ್ಲ. ಇದಕ್ಕೇನಾ?"

"ಹೂಂ ಮಾವ."

"ನಾನು ಹೂಳಿ ಅಂದೆ."

"ತೋರಿಸ್ಬೇಕು ಅಂತಲೂ ಅಂದ್ರಿ."

"ಅಂದೆ" ಎಂದರು. "ರೈತರಿಗೂ ಅಂತಿದ್ದೆ. ಅವರೂ ಅಷ್ಟೇ, ಅರ್ಧ ಕೇಳೋರು." ಆಮೇಲೆ ಮುಖ ಮೇಲೆತ್ತಿ ಕೂತರು. ಹನಿಯ ಹೊತ್ತಾಗಿತ್ತು, ಅದಕ್ಕೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಮುಂದಿನ ಭಾನುವಾರ ಯಾರೂ ಕಂಪ್ಯೂಟರ್ ಹಾಕಲಿಲ್ಲ. ಅದರ ಮುಂದಿನ ಭಾನುವಾರವೂ. ಮಾವ ರೇಡಿಯೋ ಕೇಳುತ್ತಿದ್ದರು, ಅಥವಾ ಅದನ್ನು ಹಾಕಿಟ್ಟು ಮನಸ್ಸಿನಲ್ಲಿ ಬೇರೆ ಎಲ್ಲೋ ಇರುತ್ತಿದ್ದರು. ಊಟ ಕಡಿಮೆಯಾಯಿತು. ಎಪ್ಪತ್ತನಾಲ್ಕರ ವಯಸ್ಸು, ಇನ್ನೊಂದು ಎಂಟು ತಿಂಗಳು ಅನ್ನುವುದು ಅವರಿಗೆ ನನಗಿದ್ದಂತೆ ಸುಲಭದ ಮಾತಲ್ಲ. ನಾನು ದಿನಾ ಬಸ್ಸಿನಲ್ಲಿ, ಇವತ್ತು ಹೋಗಿ, ಮತ್ತೆ ಮೊದಲಿಂದ ಹೇಳ್ತೀರಾ ಎಂದು ಮಾವನನ್ನು ಕೇಳುತ್ತೇನೆ ಎಂದು ತೀರ್ಮಾನ ಮಾಡುತ್ತಿದ್ದೆ. ಮನೆ ತಲುಪಿದ ಮೇಲೆ, ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ಬಿಡುತ್ತಿದ್ದೆ.

ಅದೆಲ್ಲ ಆಗಿ ನಾಲ್ಕನೆಯ ಭಾನುವಾರ, ತಿಂಡಿಯಾದ ಮೇಲೆ ಅವರೇ ಕರೆದರು. "ಅಳಿಯಂದಿರೇ, ಒಂದು ನೋಟ್‌ಬುಕ್ ತಗೊಳ್ಳಿ. ಪೆನ್ನು."

"ಅವಳಿಗೆ ಹೇಳ್ತೀನಿ ಮಾವ, ಕಂಪ್ಯೂಟರ್ ಹಾಕ್ತಾಳೆ."

"ನಾನ್ ಹಾಕಲ್ಲ" ಎಂದಳು ಅವಳು ಅಡುಗೆಮನೆಯಿಂದ. "ಬರೀಲಿ. ಎಂಟು ಅಧ್ಯಾಯಾನೂ ಅವರೇ ಬರೀಲಿ. ಕೈಯಲ್ಲಿ."

ಬರೆದೆ. ಒಂದು ವರ್ಷದ ಮೇಲೆ ಹಿಡಿಯಿತು. ಗಣಿತದ ಮೇಷ್ಟ್ರ ಕೈ ಅಂಕಿಗೆ ಪಳಗಿದ್ದು. ಪುಟಗಟ್ಟಲೆ ಕನ್ನಡ ಬರೆದು ಬೆರಳು ಊದುತ್ತಿತ್ತು. ಮಾವ ಮೊದಲಿನ ಥರ ಓಡುತ್ತಿರಲಿಲ್ಲವಂತೆ, ಹೆಂಡತಿ ಹೇಳಿದಳು. ಮೊದಲು ಒಂದು ಊರು ಎತ್ತಿದರೆ ಆ ಊರಿನ ಹತ್ತು ಮನೆ ಬರುತ್ತಿದ್ದವು. ಈಗ ಎರಡು ಮನೆ ಹೇಳಿ ಸುಸ್ತಾಗುತ್ತಿದ್ದರು. ಮೊಟ್ಟೆಯ ಅಧ್ಯಾಯ ಬಂತು. ಎಳೆಹುಳ, ಸೊಪ್ಪು, ಜ್ವರ, ತಟ್ಟೆ ಬದಲಿಸುವುದು ಬಂತು. ರೋಗದ ಅಧ್ಯಾಯವನ್ನು ಬಹಳ ಚಿಕ್ಕದಾಗಿ ಹೇಳಿ ಮುಗಿಸಿದರು. ಬರೆದು ಮುಗಿದ ಮೇಲೆ ನಾನು ಜೋರಾಗಿ ಓದಬೇಕು, ಅವರು ತಿದ್ದಬೇಕು. ಹಾಗಾಗಿ ಈ ಸಲ ಪ್ರತಿ ಸಾಲನ್ನೂ ಎರಡೆರಡು ಸಲ ಓದಿದೆ.

ಏಳನೆಯದಕ್ಕೆ ಬಂದಾಗ ಅವರು ನಿಂತರು.

"ಏಳನೇದು ಏನಿತ್ತು ಕಣಮ್ಮ?"

ಹೆಂಡತಿ ಕೈ ಒರೆಸಿಕೊಂಡು ಬಂದು ಬಾಗಿಲಿಗೆ ಒರಗಿದಳು. "ಚಳಿಗಾಲದಲ್ಲಿ ಹುಳದ ಕೋಣೆ ಬೆಚ್ಚಗಿಡೋದು ಇತ್ತು. ಕೆಂಡ ಇಡೋದು, ಗೋಣಿ ಕಟ್ಟೋದು. ಅದರಲ್ಲಿ ಮಧುರೆಯ ಒಬ್ರು ಅಜ್ಜಿ ಬರ್ತಿದ್ರು ಅಪ್ಪಾ. ಅವರು ಏನೋ ಮಾಡ್ತಿದ್ರಲ್ಲ, ಬೇರೆ ಯಾರೂ ಮಾಡ್ದೇ ಇರೋದು. ನೀವು ನಗ್ತಾ ಹೇಳಿದ್ರಿ. ನಾನೂ ನಕ್ಕಿದ್ದೆ, ಟೈಪ್ ಮಾಡೋದು ನಿಲ್ಸಿ."

"ಯಾವ ಅಜ್ಜಿ?"

"ಮಧುರೆಯವರು. ಒಂದೇ ಕೋಣೆ ಮನೆ ಅಂದ್ರಿ."

"ಮಧುರೆ" ಎಂದರು. ಕಣ್ಣು ಮುಚ್ಚಿದರು, ಅವರಿಗೆ ಅದರಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲವಾದರೂ. ನಾನು ಪೆನ್ನು ಹಿಡಿದು ಕಾದೆ. ಬೀದಿಯಲ್ಲಿ ಒಂದು ಮಿಷನ್ನು ಶುರುವಾಯಿತು, ಇನ್ನೊಂದು ಶುರುವಾಯಿತು.

"ಇಲ್ಲ ಕಣಮ್ಮ. ಬರ್ತಾ ಇಲ್ಲ."

"ಇನ್ನೊಂದು ವಾರ ಬಿಟ್ಟು ನೋಡೋಣ ಮಾವ" ಎಂದೆ.

"ನೋಡೋಣ" ಎಂದರು. ಆ ವಾರವೂ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಮೂರನೆಯ ವಾರ ಅವರು ಅದನ್ನು ಹುಡುಕಲೇ ಇಲ್ಲ. ಕುರ್ಚಿಯಲ್ಲಿ ಕೂತು, ಮಂಡಿಯ ಮೇಲೆ ಕೈಯಿಟ್ಟು, "ಎಂಟಕ್ಕೆ ಹೋಗೋಣ, ಬರ್ಕೊಳ್ಳಿ" ಎಂದರು.

ಎಂಟು ಎಂದು ಬರೆದುಕೊಂಡೆ.